ಕೈ ಬಿದ್ದ ಜಾಗ

ಅಪ್ಪನ ತಿಥಿ ಮುಗಿಸಿ ಗುಂಡ್ಲುಪೇಟೆಯ ಅವರ ಗ್ಯಾರೇಜ್ ಶೆಡ್ಡಿನ ಬಾಗಿಲು ತೆಗೆದಾಗ, ಹಳೇ ಗೇರ್ ಆಯಿಲಿನ ವಾಸನೆ ಬಂತು.

ನಾನು ಚಿಕ್ಕವಳಿದ್ದಾಗ, ಅದೇ ವಾಸನೆಯ ಒಂದು ಮಧ್ಯಾಹ್ನ ಅಲ್ಲಿ ಅಮೆರಿಕದ ಉದ್ದನೆಯ ಕಾರೊಂದು ನಿಂತಿತ್ತು. ತಾನಾಗಿ ಗೇರ್ ಬದಲಿಸುತ್ತಿದ್ದ ಅದರ ಗೇರ್ ಡಬ್ಬ ಕೆಟ್ಟು, ಬಿಡಿ ಸಾಮಾನು ಎಲ್ಲೂ ಸಿಕ್ಕಿರಲಿಲ್ಲ. ಅಪ್ಪ ಜೀಪಿನ ಗೇರ್‌ಬಾಕ್ಸ್ ಕೂರಿಸಿ, ಕ್ಲಚ್ಚು ಜೋಡಿಸಿದ್ದರು. ಗೇರ್ ಕಡ್ಡಿ ಮೇಲೆ ಬರಲು ನೆಲದ ತಗಡು ಕೊಯ್ಯುವುದಷ್ಟೇ ಬಾಕಿ.

"ನಮ್ಮಪ್ಪನ ಕಾರು ಕಣಯ್ಯಾ. ಕುಯ್ದ್ಮೇಲೆ ಮತ್ತೆ ಸೇರಲ್ಲ," ಎಂದರು ಕಾರಿನ ಯಜಮಾನರು.

ಅಪ್ಪ ಅವರನ್ನು ಬಲಗಡೆ, ಸ್ಟೀರಿಂಗ್ ಮುಂದಿನ ಸೀಟಿನಲ್ಲಿ ಕೂರಿಸಿದರು. "ಕಣ್ಮುಚ್ಕಳಿ ಸ್ವಾಮಿ. ಎಡಗೈಯ ಸುಮ್ನೆ ಇಳ್ಯಾಕ್ ಬುಡಿ."

"ಈ ವಯಸ್ನಲ್ಲಿ ಕಣ್ಣಾಮುಚ್ಚಾಲೆ ಆಡುಸ್ತೀಯಾ?"

"ಅಮ್ಮಿ, ಕೈ ಬಿದ್ದ ತಾವು ಕೋಲು ನಿಲ್ಸು," ಎಂದರು ಅಪ್ಪ ನನಗೆ.

ನಿಲ್ಲಿಸಿದೆ. ಮೂರು ಸಲ ಇಳಿಬಿಟ್ಟಾಗಲೂ ಅವರ ಕೈ ಅಲ್ಲಿಗೇ ಬಂತು. ಅಪ್ಪ ಕೋಲಿನ ಬುಡಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅಷ್ಟೇ ಅಗಲ ಕೊಯ್ದು, ಕಡ್ಡಿಯನ್ನು ಅಲ್ಲಿಗೆ ಬರುವಂತೆ ಬಗ್ಗಿಸಿದರು.

"ಕಣ್ಣು ರಸ್ತೆ ಮ್ಯಾಲಿರ್ಲಿ ಸ್ವಾಮಿ. ಕೈಗೆ ದಾರಿ ಗೊತ್ತು."

ಸಂಜೆ ಯಜಮಾನರು ನಮ್ಮನ್ನು ಕೂರಿಸಿಕೊಂಡು ಬಂಡೀಪುರದ ಕಡೆ ಒಂದು ಸುತ್ತು ಹೋಗಿಬಂದರು. ಒಮ್ಮೆಯೂ ಕೆಳಗೆ ನೋಡಲಿಲ್ಲ. ಇಳಿದವರು ಅಪ್ಪನ ಎಣ್ಣೆಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಈಗ ಶೆಡ್ಡಿನೊಳಗೆ ಕತ್ತಲಿತ್ತು. ಬಾಗಿಲ ಪಕ್ಕ ನೋಡದೆ ಕೈ ಚಾಚಿದೆ. ಸ್ವಿಚ್ಚು ಅಲ್ಲೇ ಇತ್ತು.