ಗಾಜಿನ ಮೇಲಿನ ಕುಂಕುಮ

ಕಚೇರಿಗೆ ಹೊಸ ಜೆರಾಕ್ಸ್ ಯಂತ್ರ ಬಂದ ದಿನ ಮ್ಯಾನೇಜರು ಅದಕ್ಕೆ ಹೂ ಮುಡಿಸಿ, ಮುಚ್ಚಳ ಎತ್ತಿ ಒಳಗಿನ ಗಾಜಿಗೂ ಕುಂಕುಮ ಇಟ್ಟರು.

"ಮಿಷನ್ನಿಗೆ ಎಂಥಾ ಪೂಜೆ ಸಾರ್? ನೆಟ್‌ವರ್ಕ್ ಸಿಕ್ರೆ ಸಾಕು" ಎಂದು ಗುಮಾಸ್ತ ಚಿದಂಬರ ನಕ್ಕ. ದೇವರು ದಿಂಡರು ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಅದೇ ಕಾರಣಕ್ಕೆ ಕೂಡಿಬಂದ ಸಂಬಂಧಗಳೂ ತಪ್ಪಿಹೋಗಿದ್ದವು.

ಮೆಕ್ಯಾನಿಕ್ ಕೇಬಲ್ ಸಿಕ್ಕಿಸಿ, ಗಾಜಿನ ಮೇಲಿಟ್ಟದ್ದು ಸ್ಕ್ಯಾನ್ ಆಗಿ ನೇರ ಮೇಲ್ ಹೋಗುವಂತೆ ಇಮೇಲ್ ಜೋಡಿಸಿ, "ಏನಾದ್ರೂ ಒಂದು ಕಳಿಸಿ ನೋಡಿ" ಎಂದ. ಹೊಸದಾಗಿ ಬಂದ ಸಂಬಂಧದ ಹೆಣ್ಣಿನ ಮನೆಯವರು ಕೇಳಿದ್ದ ತನ್ನ ಫೋಟೋವನ್ನೇ ಚಿದಂಬರ ಗಾಜಿನ ಮೇಲಿಟ್ಟು ಅವರಿಗೆ ಕಳಿಸಿದ.

ಮರುದಿನ ಮೆಕ್ಯಾನಿಕ್ ಮತ್ತೆ ಬಂದ. "ಹೆಡ್ಡಾಫೀಸಿಂದ ಕಂಪ್ಲೇಂಟು. ಮೇಲ್ ಸರಿಯಾಗೇ ಹೋಗ್ತಿದೆ, ಆದ್ರೆ ಎಲ್ಲಾ ಹಾಳೇಲೂ ಒಂದು ಕೆಂಪು ಬೊಟ್ಟಂತೆ." ಮುಚ್ಚಳ ಎತ್ತಿ, ಒರೆಸಲು ಬಟ್ಟೆ ತೆಗೆದ.

ಅಷ್ಟರಲ್ಲಿ ಚಿದಂಬರನ ಫೋನ್ ರಿಂಗಾಯಿತು. ಹೆಣ್ಣಿನ ತಂದೆ.

"ಈ ಕಾಲದಲ್ಲಿ ಹಣೇಲಿ ಕುಂಕುಮ ಇಟ್ಕೊಂಡು ಫೋಟೋ ತೆಗೆಸ್ಕೊಳ್ಳೋ ಹುಡುಗ್ರು ಎಲ್ಲಿದಾರೆ ಹೇಳಿ? ನಮಗೆಲ್ಲ ಒಪ್ಪಿಗೆ. ನಮ್ಮಮ್ಮ ಒಬ್ರು ನೋಡ್ಬೇಕು, ಇನ್ನೊಂದು ಫೋಟೋ ಕಳಿಸ್ತೀರಾ?"

ಚಿದಂಬರ ಓಡಿಬಂದು ಮೆಕ್ಯಾನಿಕ್ಕಿನ ಕೈ ಹಿಡಿದುಕೊಂಡ.

"ಒರೆಸ್ಬೇಡಿ ಮಾರಾಯ್ರೇ, ಅಜ್ಜಿಗೊಂದು ಹೋಗೋದಿದೆ."