ಹತ್ತನೇ ಇಡ್ಲಿ

ಇಡ್ಲಿಗಳು ಮಾತಾಡಲು ಶುರುಮಾಡಿದ ಮೇಲೆ ದಾವಣಗೆರೆಯ ಹೋಟೆಲುಗಳಿಗೆ ಒಂಟಿಯಾಗಿ ಬರುವವರೇ ಹೆಚ್ಚಾದರು. ಬಸಲಿಂಗಮ್ಮನಿಗೆ ಡಾಕ್ಟರು ಎರಡೇ ಇಡ್ಲಿ ಎಂದು ತಾಕೀತು ಮಾಡಿದ್ದರು. ಇದು ಹತ್ತನೆಯದು, ಹೊಟ್ಟೆ ಬಿರಿಯುತ್ತಿತ್ತು.

"ಯಾಕವ್ವಾ, ಮುಖ ಬಾಡೈತೆ?" ಎಂದಿತು ಇಡ್ಲಿ, ಬಾಯಿಗಿಟ್ಟೊಡನೆ.

"ನಮ್ಮಕ್ಕ ತೀರ್ಕಂಡ್ಳು. ಹಿಂದಿನ ದಿನ ಜಗಳ ಆಡಿದ್ದೆ..." ಎನ್ನುವಷ್ಟರಲ್ಲಿ ಅದು ಗಂಟಲಿಳಿದು ಸುಮ್ಮನಾಯಿತು. ಒಂದು ಇಡ್ಲಿಗೆ ಹೇಳಿದ್ದು ಇನ್ನೊಂದಕ್ಕೆ ತಿಳಿಯದು. ಮತ್ತೆ ಮೊದಲಿಂದ ಹೇಳಬೇಕು.

"ಇನ್ನೊಂದು ಪ್ಲೇಟ್ ತಾರಪ್ಪಾ."

ತಲೆ ನರೆತ ಸಪ್ಲೈಯರ್ ಹಾಲೇಶಪ್ಪ ಬರಿಗೈಯಲ್ಲಿ ಬಂದು ಎದುರು ಕೂತ. "ಜಗಳದ ತನಕ ಹತ್ತು ಸಲ ಕೇಳೀನಿ ಕಣವ್ವಾ. ಮುಂದೇನಾತು, ಅದನ್ನ ಹೇಳು."

ಬಸಲಿಂಗಮ್ಮ ತಬ್ಬಿಬ್ಬಾದಳು. ಮುಂದಿನ ಮಾತು ಅವಳ ನಾಲಗೆಗೇ ಹೊಸದಾಗಿತ್ತು.