ಡಬ್ಬಕ್ಕೆಷ್ಟು ಮಾರ್ಕ್ಸು?

"ಐದು ಎಲ್ಲಿದೆಯೇ?" ಎಂದು ಕೇಳಿದ ಮಾವ, ಹೊಸ ಫೋನಿನ ಗಾಜಿನ ಮೇಲೆ ಹೆಬ್ಬೆರಳಾಡಿಸುತ್ತ.

"ನಡುವೆ ಇದೆ, ಮಾವ," ಎಂದಳು ಅಕ್ಕನ ಮಗಳು.

"ಯಾವುದರ ನಡುವೆ? ಎಲ್ಲಾ ಒಂದೇ ಸಮ ನುಣ್ಣಗಿದೆ. ಕೆರೆ ಮಧ್ಯ ನಿಂತು ಮನೆ ನಂಬರ್ ಹುಡುಕಿದ ಹಾಗಾಯ್ತು." ಅಷ್ಟರಲ್ಲಿ ಬೆರಳು ಎಲ್ಲೋ ತಗುಲಿ ಯಾರೋ ಡ್ರೈವರನಿಗೆ ಕರೆ ಹೋಯಿತು. ಆ ಕಡೆಯಿಂದ "ಹಲೋ" ಎಂದದ್ದೇ ತಡ, ಮಾವ ರೆಕಾರ್ಡಿನ ಹೆಂಗಸಿನ ದನಿ ತೆಗೆದ: "ನಿಮಗೆ ಬಂದಿರುವ ಕರೆಯು ತಪ್ಪಾಗಿದೆ. ದಯವಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ." ಡ್ರೈವರ್ ವಿಧೇಯನಾಗಿ ಫೋನಿಟ್ಟ.

ಅದು ಟ್ಯಾಕ್ಸಿ ಕಂಪನಿಯ ಕರೆ ಕೋಣೆ. ಆರು ಮೇಜು, ಆರು ಬಟನ್ ಫೋನು, ಗೋಡೆ ತುಂಬ ಊರಿನ ನಕ್ಷೆ, ಅದರ ಮೇಲೆ ನಲವತ್ತು ಕಾರುಗಳಿಗೆ ನಲವತ್ತು ಗುಂಡುಪಿನ್ನು. ಹುಟ್ಟಾ ಕಣ್ಣಿಲ್ಲದ ಮಾವ, ಯಜಮಾನರಿಂದ ಹಿಡಿದು ಆಫೀಸಿಗೆಲ್ಲ ಮಾವನೇ, ಮೊದಲ ಮೇಜಿನಲ್ಲಿ ಕೂತು ಹತ್ತೊಂಬತ್ತು ವರ್ಷ. ಯಾವ ಪಿನ್ನು ಎಲ್ಲಿದೆಯೆಂದು ಪಕ್ಕದವರು ಕೂಗಿ ಹೇಳಿದರೆ ಸಾಕು, ನಲವತ್ತು ನಂಬರೂ ಅವನ ತಲೆಯಲ್ಲಿವೆ. ಐದರ ಬಟನ್ನಿನ ಮೇಲಿನ ಸಣ್ಣ ಉಬ್ಬು ಹೆಬ್ಬೆರಳಿಗೆ ಸಿಕ್ಕಿತೆಂದರೆ ಮಿಕ್ಕ ಒಂಬತ್ತೂ ಸಿಕ್ಕಂತೆ. ಈಗ ಯಜಮಾನರು ಬಟನ್ನೇ ಇಲ್ಲದ ಫೋನೊಂದನ್ನು ಸ್ಯಾಂಪಲ್ಲಿಗೆ ತರಿಸಿ, ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕನ ಮಗಳ ಕೈಗೆ, ಪರೀಕ್ಷಿಸಿ ಮಾರ್ಕ್ಸ್ ಹಾಕು ಎಂದು ಕೊಟ್ಟಿದ್ದರು. ಹಾರ್ಡ್‌ವೇರಿಗೆ ಐವತ್ತು, ಸಾಫ್ಟ್‌ವೇರಿಗೆ ಐವತ್ತು. ಎಪ್ಪತ್ತು ದಾಟಿದರೆ ಸೋಮವಾರ ಬಟನ್ ಫೋನುಗಳು ಗುಜರಿಗೆ, ಮಾವ ಬಾಗಿಲ ಪಕ್ಕದ ಕುರ್ಚಿಗೆ.

"ಬಂದವರಿಗೆ ನಮಸ್ಕಾರ ಹೇಳೋ ಕೆಲಸವಂತೆ." ಮಾವ ಯಜಮಾನರ ಹಾಗೆಯೇ ಎರಡು ಸಲ ಗಂಟಲು ಕೆರೆದುಕೊಂಡು ಅವರದೇ ದನಿಯಲ್ಲಿ ಹೇಳಿದ: "'ಗೌರವದ ಜಾಗ, ಮಾವ, ಗೌರವದ ಜಾಗ!' ಅಲ್ವೇ, ಟ್ಯಾಕ್ಸಿ ಆಫೀಸಿಗೆ ನಡ್ಕೊಂಡು ಬರೋ ಪುಣ್ಯಾತ್ಮ ಯಾರು?"

ಹುಡುಗಿ ನಗಲಿಲ್ಲ. ಫೋನು ನಿಜಕ್ಕೂ ಚೆನ್ನಾಗಿತ್ತು. ಹನ್ನೊಂದು ಗಂಟೆಗೇ ಅರ್ಧ ಚಾರ್ಜು ಖಾಲಿಯಾಗಿದ್ದಕ್ಕೆ ಹಾರ್ಡ್‌ವೇರಿನಲ್ಲಿ ಒಂಬತ್ತು ಕಡಿದಿದ್ದಳು. ಒಂದೊಂದು ಸಲ ಮುಟ್ಟಿದ ಮೇಲೆ 'ತಡಿ, ಯೋಚಿಸಿ ಹೇಳ್ತೀನಿ' ಎಂಬಂತೆ ಸುಮ್ಮನಾಗುತ್ತಿದ್ದುದಕ್ಕೆ ಸಾಫ್ಟ್‌ವೇರಿನಲ್ಲಿ ಹದಿಮೂರು. ಆದರೆ ಬೆರಳಲ್ಲಿ ಎಳೆದರೆ ಇಡೀ ಊರೇ ಸರಿದು ಬರುವ ಆ ನಕ್ಷೆಗೆ ಯಾರು ತಾನೆ ಮಾರ್ಕ್ಸ್ ಕಡಿದಾರು? ಎಲ್ಲ ಪೆನ್ಸಿಲಿನಲ್ಲಿ ಬರೆದಿದ್ದಳು. ರಬ್ಬರೂ ಪಕ್ಕದಲ್ಲೇ ಇತ್ತು.

"ಎಷ್ಟು ಬಂತು?"

"ಎಪ್ಪತ್ತೆಂಟು." ಆಮೇಲೆ ದನಿ ತಗ್ಗಿಸಿ, "ಅರವತ್ತೆಂಟು ಮಾಡ್ಲಾ ಮಾವ?"

"ಥೂ! ನನ್ನ ಮುಖ ನೋಡಿ ಮಾರ್ಕ್ಸ್ ಹಾಕ್ಬೇಡ. ನಾನು ಯಾವತ್ತಾದ್ರೂ ನಿನ್ನ ಮುಖ ನೋಡಿದೀನಾ?"

ಈ ಸಲ ಹುಡುಗಿಗೆ ನಗು ತಡೆಯಲಾಗಲಿಲ್ಲ. ಮಾವ ಮಾತ್ರ ನಗದೆ ಮೇಜು ತಡವುತ್ತಿದ್ದ. "ಇದು ಬಂದ ಡಬ್ಬ ಎಲ್ಲಿ?" ಡಬ್ಬದೊಳಗೆ ಫೋನಿನಷ್ಟೇ ಅಳತೆಯ ಒಂದು ರಟ್ಟಿತ್ತು. ಅದರ ಸುತ್ತ ಉಗುರಾಡಿಸಿದ. "ನೋಡು, ಇದಕ್ಕೆ ಅಂಚಿದೆ, ಮೂಲೆಯಿದೆ. ಡಬ್ಬದ ಹಾರ್ಡ್‌ವೇರಿಗೆ ನನ್ನ ಕಡೆಯಿಂದ ಐವತ್ತಕ್ಕೆ ಐವತ್ತು. ಹೋಗು, ಬ್ಲೇಡ್ ತಗೊಂಡ್ ಬಾ."

ಹುಡುಗಿ ಸ್ಕೇಲಿಟ್ಟು ಅಳೆದು, ಅಂಕಿಗಳಿರುವಲ್ಲಿ ಹತ್ತು ತೂತು, ಕರೆಯ ಹಸಿರು ಗುರುತಿಗೊಂದು, ಅಳಿಸಲಿಕ್ಕೊಂದು ಕೊರೆದಳು. ಫೋನು ತಿರುಗಿಸಿದಾಗ ಅಂಕಿಗಳೂ ತಿರುಗದಂತೆ, ಪರದೆ ನಿದ್ದೆಗೆ ಜಾರದಂತೆ ಒಳಗೆ ಸರಿಮಾಡಿ, ರಟ್ಟನ್ನು ಗಾಜಿನ ಮೇಲೆ ಟೇಪಿನಿಂದ ಅಂಟಿಸಿದಳು. ಮಾವನ ಹೆಬ್ಬೆರಳು ತೂತಿನಿಂದ ತೂತಿಗೆ ಮೆಟ್ಟಿಲಿಳಿದಂತೆ ಇಳಿದು, ನಟ್ಟನಡುವಿನದರಲ್ಲಿ ಕೂತಿತು.

"ಬಂದ್ಯಾ, ಐದಪ್ಪ," ಎಂದ.

ಮಧ್ಯಾಹ್ನ ಎಪ್ಪತ್ತೆಂಟು ಬಂದ ಫೋನನ್ನು ಎಲ್ಲರ ಕೈಯಲ್ಲೂ ಒತ್ತಿಸಿ ನೋಡಲು ಯಜಮಾನರೇ ಬಂದು ನಿಂತರು. ಒಬ್ಬೊಬ್ಬರಿಗೆ ಹತ್ತು ನಂಬರು. ಮೊದಲು, ರಟ್ಟು ಬಿಚ್ಚಿಟ್ಟು, ಮಿಕ್ಕ ಐವರ ಸರದಿ. ಅವರದು ಹಳೇ ರೂಢಿ: ಕಣ್ಣು ಗೋಡೆಯ ಪಿನ್ನಿನ ಮೇಲೆ, ಕೈ ಫೋನಿನ ಮೇಲೆ. ಆ ಕೋಣೆಯಲ್ಲಿ ಫೋನು ನೋಡಿ ಫೋನು ಮಾಡಿದವರೇ ಇರಲಿಲ್ಲ. ಗಾಜು ನೋಡಿದರೆ ಗೋಡೆ ತಪ್ಪಿತು, ಗೋಡೆ ನೋಡಿದರೆ ಗಾಜು ತಪ್ಪಿತು. ಒಬ್ಬರಿಗೆ ಆರು ಸರಿ, ಇನ್ನೊಬ್ಬರಿಗೆ ಏಳು. ಒಬ್ಬನಂತೂ ಡ್ರೈವರನೆಂದುಕೊಂಡು ಯಾರದೋ ಮನೆಯ ಅಜ್ಜಿಯನ್ನು "ಇನ್ನೂ ಅಲ್ಲೇ ಇದ್ದೀಯಾ? ಬೇಗ ಹೊರಡು!" ಎಂದು ಗದರಿಬಿಟ್ಟ. ಕೊನೆಗೆ, ರಟ್ಟು ಮತ್ತೆ ಅಂಟಿಸಿಕೊಂಡು, ಮಾವ. ಹತ್ತಕ್ಕೆ ಹತ್ತು.

ಯಜಮಾನರು ಎರಡು ಸಲ ಗಂಟಲು ಕೆರೆದುಕೊಂಡರು. "ನಿಮಗೆ ರಟ್ಟಿತ್ತಲ್ಲ, ಮಾವ."

"ಅವರಿಗೆ ಕಣ್ಣಿತ್ತಲ್ಲ, ಯಜಮಾನ್ರೇ."

"ಕೊಡಿ ಇಲ್ಲಿ." ಯಜಮಾನರು ಕೋಣೆಯ ನಡುವೆ ನಿಂತು, ಸುತ್ತಲಿದ್ದವರನ್ನೊಮ್ಮೆ ನೋಡಿ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ತೂತು ಹುಡುಕುತ್ತ ನಿಧಾನವಾಗಿ ತಮ್ಮ ಮನೆಯ ನಂಬರು ಒತ್ತಿತು. ಆ ಕಡೆ ರಿಂಗಾಗತೊಡಗಿತು.

"ಕಣ್ಣು ಮುಚ್ಕೊಂಡಿದೀರಾ, ಯಜಮಾನ್ರೇ?" ಮಾವ ತನ್ನದೇ ದನಿಯಲ್ಲಿ ಕೇಳಿದ.

"ಹೂಂ."

"ಹಾಗೇ ಇರಿ. ಆ ಗೌರವದ ಜಾಗ ಯಾವ ಕಡೆ ಇದೆ, ಸ್ವಲ್ಪ ತೋರಿಸಿ."

ಯಜಮಾನರು ಎತ್ತಿದ ಕೈ ಎತ್ತ ತಿರುಗಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು. ಇನ್ನೊಂದು ಕೈಯಲ್ಲಿದ್ದ ಫೋನಿನಿಂದ ಅವರ ಹೆಂಡತಿಯ ದನಿ ಕೇಳಿಸುತ್ತಿತ್ತು:

"ಹಲೋ? ಎಲ್ಲಿದೀರಾ ನೀವು?"